ಆ ಹೆಸರಿನವರು ಇಲ್ಲಿ ಯಾರೂ ಇಲ್ಲ

ಕಲ್ಲು ಒದ್ದೆಯಾಗಿದ್ದಾಗ ಅಕ್ಷರ ಕಣ್ಣಿಗೆ ಕಾಣುವುದಿಲ್ಲ. ಕೈಗೆ ಸಿಗುತ್ತದೆ. ಬೂದು ಕೆಸರು ಮೊಣಕೈವರೆಗೆ ಮೆತ್ತಿರುತ್ತದೆ. ರಬ್ಬರ್ ಬೂಟಿನೊಳಗೆ ನೀರು ನಿಂತಿರುತ್ತದೆ. ಯಂತ್ರದ ನಡುಕ ಸಂಜೆ ಮನೆಗೆ ಹೋದ ಮೇಲೂ ಬೆರಳು ಬಿಟ್ಟು ಇಳಿಯುವುದಿಲ್ಲ. ಅನ್ನದ ಬಟ್ಟಲು ಹಿಡಿದರೆ ಬಟ್ಟಲೂ ನಡುಗುತ್ತದೆ.

ಆ ದಿನ ಸ್ಮಾರಕದ ಕಲ್ಲಿನ ಮೇಲೆ ಅಕ್ಷರಗಳ ಅಂಚು ಉಜ್ಜುತ್ತ ಹೋಗುತ್ತಿದ್ದೆ. ಒಂದೊಂದು ಹೆಸರಿಗೂ ಮೂರು ಚೀನೀ ಅಕ್ಷರ. ಮೂರು ಅಕ್ಷರ, ಒಂದು ಸಂದು, ಮತ್ತೆ ಮೂರು ಅಕ್ಷರ. ಕೊನೆಯ ಸಾಲಿಗೆ ಬಂದಾಗ ಕೈ ನಿಂತಿತು. ಒರೆಸಿ ನೋಡಿದೆ.

ಚೆನ್ ವೆನ್-ಡೆ.

ನನ್ನ ಅಜ್ಜಿಯ ಅಣ್ಣ. ಅಜ್ಜಿ ಅವನನ್ನು ಒಂದು ಸಲವೂ ಈ ಹೆಸರಿನಿಂದ ಕರೆದವಳಲ್ಲ.

ನಮ್ಮ ಕಲ್ಲಿನ ಅಂಗಳ ದ್ವೀಪದ ಪೂರ್ವ ಕರಾವಳಿಯ ಹ್ವಾಲಿಯೆನ್ ಊರಾಚೆ, ಕಡಲಿಗೂ ರೈಲು ಹಳಿಗೂ ನಡುವೆ ಇದೆ. ಬ್ಯಾಂಕಿನ ನೆಲಕ್ಕೆ, ದೇವಸ್ಥಾನದ ಮೆಟ್ಟಿಲಿಗೆ, ಶ್ರೀಮಂತರ ಗೋರಿಗೆ ಇಲ್ಲಿಂದಲೇ ಕಲ್ಲು ಹೋಗುತ್ತದೆ. ಕಲ್ಲು ಕೊಯ್ಯುವವರು ಈ ನೆಲದ ಮೂಲನಿವಾಸಿಗಳು, ಬೆಟ್ಟದ ತ್ರುಕು ಜನ, ಬಯಲಿನ ಆಮಿಸ್ ಜನ. ಕೋಣೆಯೊಳಗೆ ಫ್ಯಾನಿನ ಕೆಳಗೆ ಕೂರುವವರು ಚೀನಾ ಮೂಲದ ಬೇರೆ ಜನ. ನಾನು ಆಮಿಸ್. ಹೆಸರು ನಕಾವ್. ಕಾಲೇಜಿನಲ್ಲಿ ಭೂವಿಜ್ಞಾನ ಓದಿದೆ. ಕೆಲಸ ಕೇಳಲು ಹೋದಾಗ ಧಣಿ ನನ್ನ ಪ್ರಮಾಣಪತ್ರ ತೆರೆದು ನೋಡಲಿಲ್ಲ. "ಗುಡ್ಡದವಳಾ? ಕುಡೀತೀಯಾ?" ಎಂದಷ್ಟೇ ಕೇಳಿದ. "ನಾವು ಗುಡ್ಡದವರಲ್ಲ ಧಣಿ, ಕಡಲ ಕಡೆಯವರು" ಎಂದೆ. "ಎಲ್ಲಾ ಒಂದೇ" ಎಂದ. ಮರುದಿನದಿಂದ ಉಜ್ಜುವ ಕೆಲಸ.

ಈ ಕಲ್ಲು ಇಲ್ಲಿಯದಲ್ಲ. ಇಂಡಿಯಾದಿಂದ ಹಡಗಿನಲ್ಲಿ ಬಂದ ಕರಿ ಗ್ರಾನೈಟು. ಅಲ್ಲಿ ಯಾರು ಬಗೆದು ತೆಗೆದರೋ, ಅವರ ಬೆರಳೂ ಹೀಗೇ ನಡುಗುತ್ತವೋ ಏನೋ. ಊಟದ ಮೇಜಿನಷ್ಟು ಎತ್ತರದ ಕಟ್ಟೆಯ ಮೇಲೆ ಇದನ್ನು ಮಲಗಿಸುತ್ತಾರಂತೆ. ಓದುವವರು ತಲೆ ತಗ್ಗಿಸಲೇಬೇಕು, ಅದೇ ನನ್ನ ಕಲ್ಪನೆ ಎಂದು ವಿನ್ಯಾಸ ಮಾಡಿದವನು ಟಿವಿಯಲ್ಲಿ ಹೇಳಿದ್ದ. ತಲೆ ತಗ್ಗಿಸುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ.

ಅಜ್ಜಿಯ ಅಣ್ಣನ ನಿಜವಾದ ಹೆಸರು ಲೆಕಾಲ್. ಕಾತಿಂಗಳ ಮಗ ಲೆಕಾಲ್. ನಮ್ಮಲ್ಲಿ ಹೀಗೆ ತಾಯಿಯ ಹೆಸರು ಸೇರಿಸಿಯೇ ಕರೆಯುವುದು. ಮೊದಲು ಜಪಾನಿನವರು ಶಾಲೆಯಲ್ಲಿ ಅವನಿಗೊಂದು ಹೆಸರು ಹಚ್ಚಿದ್ದರು. ಯುದ್ಧ ಮುಗಿಯಿತು, ಅವರು ಹೋದರು, ಚೀನಾದಿಂದ ಹೊಸ ಸರ್ಕಾರ ಬಂತು. ಹಳೆಯ ಹೆಸರು ಕಿತ್ತು ಹೊಸದು ಹಚ್ಚಿದರು. ಲೆಕಾಲ್ ಆಗ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಯ ಹಳಿ ರಿಪೇರಿ ಮಾಡುತ್ತ ಕೂಲಿಗಳ ಸಾಲುಮನೆಯಲ್ಲಿ ಇದ್ದ. ಅಲ್ಲಿಗೆ ಬಂದ ಗುಮಾಸ್ತ ಆ ಸಾಲಿನವರಿಗೆಲ್ಲ ಮನೆತನದ ಹೆಸರು ಚೆನ್ ಎಂದು ಬರೆದ. ಹಳ್ಳಿಗೆ ಬಂದ ಇನ್ನೊಬ್ಬ ಗುಮಾಸ್ತ ನಮ್ಮ ಮನೆಗೆ ಲಿನ್ ಎಂದು ಬರೆದ. ಒಂದೇ ಹೊಟ್ಟೆಯ ಅಣ್ಣ ಚೆನ್, ತಂಗಿ ಲಿನ್. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅವನ ಚೀಟಿಯ ಹೆಸರು ಮನೆಯಲ್ಲಿ ಯಾರ ಕಿವಿಗೂ ಬೀಳಲಿಲ್ಲ, ನಮ್ಮ ಚೀಟಿ ತಗಡಿನ ಡಬ್ಬಿಗೆ ಹೋಯಿತು. ಮನೆಯಲ್ಲಿ ಲೆಕಾಲ್ ಲೆಕಾಲನೇ, ನನ್ನ ಅಜ್ಜಿ ಸೌಮಾ ಸೌಮಾಳೇ.

ಕಬ್ಬು ಕಡಿಯುವ ನಮ್ಮವರಿಗೆ ಯಾಕೆ ಕಡಿಮೆ ಕೂಲಿ ಎಂದು ಲೆಕಾಲ್ ಕೇಳಿದ. ಒಬ್ಬನೇ ಕೇಳಲಿಲ್ಲ, ಹತ್ತಾರು ಜನರನ್ನು ಕೂಡಿಸಿಕೊಂಡು ಕೇಳಿದ. ಅವನನ್ನು ಹಳಿಯ ಮೇಲಿಂದಲೇ ಎತ್ತಿಕೊಂಡು ಹೋದರು. ತೈಪೆಗೆ ಕರೆದೊಯ್ದರು ಎಂದಷ್ಟೇ ಮನೆಗೆ ಗೊತ್ತಾಯಿತು.

ಮುಂದಿನ ಮಾತನ್ನು ಅಜ್ಜಿ ಒಂದೇ ಸಲ ಹೇಳಿದ್ದು. ನಾನು ಅದನ್ನು ಹಾಗೇ ಇಟ್ಟುಕೊಂಡಿದ್ದೇನೆ.

"ಒರಳಲ್ಲಿ ಭತ್ತ ಕುಟ್ತಾ ಇದ್ದೆ ಕಣೇ. ಪೊಲೀಸಿನವನು ಸೈಕಲ್ಲಲ್ಲಿ ಬಂದ. ಚೆನ್ ವೆನ್-ಡೆ ಮನೆಯವರು ಯಾರು ಅಂತ ಕೂಗಿದ. ಕೇರಿ ತುಂಬಾ ಜನ ಇದ್ವಿ. ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಹೆಣ ತಗೊಂಡು ಹೋಗೋರಿದ್ರೆ ತೈಪೆಗೆ ಬರಬೇಕಂತೆ, ಬರದಿದ್ರೆ ಅವರೇ ಏನಾದ್ರೂ ಮಾಡ್ಕೋತಾರಂತೆ ಅಂದ. ನಾನೇ ಅಂದೆ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂತ. ಪಾಪ ಯಾರ ಮನೆ ಮಗನೋ ಅಂತ ಅಂದ್ಕೊಂಡೆ. ಬಿಸಿಲಲ್ಲಿ ಬಂದವನೆ ಅಂತ ಅವನ ಕೈಗೆ ಸುಟ್ಟ ಗೆಣಸು ಕೊಟ್ಟೆ. ತಿನ್ಕೊಂಡು ಹೋದ."

ಎಷ್ಟೋ ಕಾಲದ ಮೇಲೆ, ಮಾತಾಡಿದರೆ ಜೈಲು ಎನ್ನುವ ದಿನಗಳು ಕಳೆದ ಮೇಲೆ, ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಒಂದು ಚಿತ್ರ ಹಿಡಿದು ಹಳ್ಳಿಗೆ ಬಂದಳು. ಗುಂಡು ಹೊಡೆಯುವ ಮುಂಚೆ ತೆಗೆದದ್ದು. ಕೈ ಹಿಂದಕ್ಕೆ ಕಟ್ಟಿದೆ. ಎದೆಗೆ ಒಂದು ಹಲಗೆ. ಹಲಗೆಯ ಮೇಲೆ ಆ ಹೆಸರು. ಅದರ ಮೇಲೆ ಲೆಕಾಲನ ಮುಖ.

ಅಜ್ಜಿ ಹಲಗೆಯನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿದಳು. ಬೆರಳು ತೆಗೆದು ನೋಡಿದಳು. ಮತ್ತೆ ಮುಚ್ಚಿದಳು.

ಅವನ ಹೆಣವನ್ನು ಯಾವ ಗುಡ್ಡದಲ್ಲಿ ಹೂತರೋ, ಕೊಯ್ದು ಕಲಿಯಲು ಯಾವ ವೈದ್ಯ ಶಾಲೆಗೆ ಕೊಟ್ಟರೋ, ಗೊತ್ತಾಗಲಿಲ್ಲ. ನಮ್ಮಲ್ಲಿ ಅಕ್ಕಿಯ ಹೆಂಡ ಕುಡಿಯುವ ಮುಂಚೆ ಬೆರಳು ಅದ್ದಿ ಚಿಮುಕಿಸಿ, ಹೋದವರನ್ನು ಹೆಸರು ಹಿಡಿದು ಕರೆಯುತ್ತೇವೆ. ಅವರಿರುವ ಜಾಗದ ಕಡೆ ಮುಖ ಮಾಡಿ ಕರೆಯಬೇಕು. ಅಜ್ಜಿ ತನ್ನ ಅಮ್ಮನಿಗೆ ಗದ್ದೆಯ ಕಡೆ ಚಿಮುಕಿಸುತ್ತಾಳೆ, ಅಪ್ಪನಿಗೆ ಹೊಳೆಯ ಕಡೆ. ಲೆಕಾಲನ ಸರದಿ ಬಂದಾಗ ಒದ್ದೆ ಬೆರಳು ಗಾಳಿಯಲ್ಲಿ ನಿಲ್ಲುತ್ತದೆ. ಯಾವ ಕಡೆ ಎಂದು ಗೊತ್ತಿಲ್ಲ. ಕೊನೆಗೆ ಬೆರಳನ್ನು ತನ್ನ ಮೊಣಕಾಲಿಗೆ ಒರೆಸಿಕೊಳ್ಳುತ್ತಾಳೆ. ಚಿಕ್ಕಂದಿನಿಂದ ನೋಡಿದ್ದೇನೆ.

ಆ ಕಾಲದಲ್ಲಿ ಗುಂಡಿಗೆ ಸತ್ತವರಿಗೆ ಸ್ಮಾರಕ ಕಟ್ಟುತ್ತಾರೆ ಎಂದಾಗ ಅವಳು ಹೊಸ ಚಪ್ಪಲಿ ಹಾಕಿಕೊಂಡು ಹೊರಟಳು. ಈಗ ಅವನಿಗೊಂದು ಜಾಗ ಸಿಕ್ಕಿತಲ್ಲ, ಆ ಕಡೆ ಮುಖ ಮಾಡಬಹುದಲ್ಲ. ಲೆಕಾಲ್ ಎಂದು ಕೆತ್ತಿಸಿಬಿಟ್ಟರೆ ಸಾಕು.

ಸ್ಮಾರಕ ಸಮಿತಿಯ ಕಚೇರಿಯಲ್ಲಿ ಅವಳ ಗುರುತಿನ ಚೀಟಿ ನೋಡಿದರು.

"ನೀವು ಲಿನ್. ಅವರು ಚೆನ್. ಸಂಬಂಧ ಇಲ್ಲವಲ್ಲ ಅಜ್ಜೀ."

"ಒಂದೇ ತಾಯಿ ಮಕ್ಕಳು ಸಾರ್. ಚೀಟಿ ಕೊಟ್ಟೋರು ಬೇರೆ ಬೇರೆ ಬರೆದ್ರು."

"ಯಾವ ಆಧಾರ?"

ಅಜ್ಜಿ ಚಿತ್ರ ತೆಗೆದು ತನ್ನ ಮುಖದ ಪಕ್ಕಕ್ಕೆ ಹಿಡಿದಳು. ಅದೇ ದವಡೆ, ಅದೇ ಅಗಲ ಹಣೆ. ಆ ಮನುಷ್ಯ ನಿಜಕ್ಕೂ ಬೇಸರದಿಂದ ಹೇಳಿದ, "ಮುಖ ದಾಖಲೆ ಅಲ್ಲ ಅಜ್ಜೀ."

ಅವಳು ಅಲ್ಲಿಂದ ಬಂದವಳು ಹೊಸ ಚಪ್ಪಲಿಯನ್ನು ಕೋಳಿಗೂಡಿನ ಮೇಲೆ ಎಸೆದಳು.

ಈಗ ಆ ಹೆಸರು ನನ್ನ ಕೈ ಕೆಳಗೆ ಇತ್ತು.

ಕಲ್ಲು ನೋಡಲು ಸಮಿತಿಯ ಕಾರ್ಯದರ್ಶಿ ಶ್ರೀಮತಿ ಶಿಯು ಅಂಗಳಕ್ಕೆ ಬಂದರು. ಜೊತೆಗೆ ವಿನ್ಯಾಸದವನು, ಹಿಂದೆ ಧಣಿ. ಮೇಸ್ತ್ರಿ ಆ-ಹಾಯ್ ಎಲ್ಲರಿಗೂ ಚಹಾ ಹಿಡಿದು ಓಡಾಡುತ್ತಿದ್ದ. ಶ್ರೀಮತಿ ಶಿಯು ಮೊದಲ ಸಾಲಿನ ಒಂದು ಹೆಸರಿನ ಮೇಲೆ ಕೈ ಇಟ್ಟರು. ಕಣ್ಣು ಒರೆಸಿಕೊಂಡರು. ನಾನು ಎದ್ದು ನಿಂತೆ. ಕೈಯಿಂದ ಕೆಸರು ತೊಟ್ಟಿಕ್ಕುತ್ತಿತ್ತು.

"ಅಮ್ಮಾ, ಒಂದು ಮಾತು. ಕೊನೇ ಸಾಲಲ್ಲಿ ಇರೋರು ನಮ್ಮಜ್ಜಿ ಅಣ್ಣ. ಅವರ ಹೆಸರು ಇದಲ್ಲ."

"ನೀವು ಸೌಮಾ ಅಜ್ಜಿ ಮೊಮ್ಮಗಳಾ?" ಅವರಿಗೆ ನೆನಪಿತ್ತು. ದನಿ ಮೆತ್ತಗಿತ್ತು. "ನನಗೆ ಅರ್ಥ ಆಗುತ್ತಮ್ಮ. ಆದ್ರೆ ಮರಣದಂಡನೆ ತೀರ್ಪಿನಲ್ಲಿ ಏನು ಹೆಸರಿದೆಯೋ ಅದನ್ನೇ ಕೆತ್ತಬೇಕು ಅಂತ ನಿಯಮ ಮಾಡ್ಕೊಂಡಿದೀವಿ. ಎಲ್ಲರಿಗೂ ಒಂದೇ ನಿಯಮ."

"ಆ ತೀರ್ಪು ಸುಳ್ಳು ಅಂತಾನೇ ತಾನೆ ಈ ಕಲ್ಲು ಹಾಕ್ತಿರೋದು? ತೀರ್ಪು ಸುಳ್ಳು, ಅದರಲ್ಲಿರೋ ಹೆಸರು ಮಾತ್ರ ನಿಜಾನಾ?"

ವಿನ್ಯಾಸದವನು ನಡುವೆ ಬಾಯಿ ಹಾಕಿದ. "ನಿಮ್ಮ ಹೆಸರುಗಳು ಉದ್ದ ಇರ್ತವೆ. ಮೂರು ಅಕ್ಷರದ ಅಚ್ಚಿಗೆ ಕೂರಲ್ಲ. ಸಾಲು ಕೆಡುತ್ತೆ."

"ಕೆಡಲಿ ಬಿಡಿ ಸಾರ್."

ಅವನು ನಕ್ಕ. ಧಣಿಯೂ ನಕ್ಕ. "ಏ, ಉಜ್ಜೋ ಕೆಲಸ ಉಜ್ಜು" ಎಂದ ಧಣಿ. "ಗುಡ್ಡದವರಿಗೆ ಮೈಕು ಕೊಟ್ರೆ ಬಿಡಲ್ಲ ನೋಡಿ."

ಶ್ರೀಮತಿ ಶಿಯು ನಗಲಿಲ್ಲ. ನನ್ನ ಒದ್ದೆ ಕೈ ಹಿಡಿದುಕೊಂಡರು. "ನಾವೂ ನೊಂದವರೇ ಕಣಮ್ಮ. ನಮ್ಮ ತಾತನ ಹೆಸರು ಇಲ್ಲೇ ಇದೆ ನೋಡು. ಇಷ್ಟು ವರ್ಷ ಆದ್ಮೇಲೆ ಇಷ್ಟಾದ್ರೂ ಆಗ್ತಿದೆ. ಈಗ ಇದನ್ನ ಒಡೀಬೇಡ."

ಅವರ ತಾತನ ಹೆಸರು ಅವರ ತಾತನ ಹೆಸರೇ ಆಗಿತ್ತು. ಅವನ ತಾಯಿ ಅವನನ್ನು ಊಟಕ್ಕೆ ಕೂಗುತ್ತಿದ್ದ ಹೆಸರು. ಆ ವ್ಯತ್ಯಾಸವನ್ನು ಅವರಿಗೆ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಚಹಾ ಬಂತು. ಅವರಿಗೆ.

ಅಂದಿನಿಂದ ನಿದ್ದೆ ಕೆಟ್ಟಿತು. ಬಸ್ಸಿನಲ್ಲಿ ಕೂತರೆ ಎದ್ದು ನಿಲ್ಲಬೇಕು ಅನ್ನಿಸುತ್ತಿತ್ತು, ನಿಂತರೆ ಇಳಿದುಬಿಡಬೇಕು ಅನ್ನಿಸುತ್ತಿತ್ತು. ಗ್ರಾನೈಟಿನ ಗುಣ ಓದಿದವಳು ನಾನು. ಮಳೆಗೆ ಸವೆಯುವುದಿಲ್ಲ, ಬಿಸಿಲಿಗೆ ಬಿರಿಯುವುದಿಲ್ಲ. ನಾನು, ನನ್ನ ಮಕ್ಕಳು, ಅವರ ಮಕ್ಕಳು ಸತ್ತ ಮೇಲೂ ಅದು ಹಾಗೇ ಇರುತ್ತದೆ. ಆ ಹಲಗೆಯನ್ನು ಅವನ ಎದೆಗೆ ಇನ್ನು ಯಾರೂ ಬಿಚ್ಚಲಾಗದ ಹಾಗೆ ಕಟ್ಟುತ್ತಿದ್ದೇವೆ. ಕಟ್ಟುವವಳು ನಾನೇ. ಅಂಚು ನುಣುಪು ಮಾಡಿ, ತೊಳೆದು, ಹೊಳಪು ಕೊಟ್ಟು.

ಇನ್ನೊಂದು ಯೋಚನೆಯೂ ಕಾಡುತ್ತಿತ್ತು. ಅಳಿಸಿದರೆ? ಅಳಿಸುವುದು ಕೊಂದವರ ಕೆಲಸವಲ್ಲವೇ? ಜನರನ್ನು ಅಳಿಸಿದರು, ಹೆಸರು ಅಳಿಸಿದರು, ಅತ್ತವರ ಕಣ್ಣೀರನ್ನೂ ಅಳಿಸಿದರು. ನಾನೂ ಅದನ್ನೇ ಮಾಡುವುದೇ? ಅಷ್ಟರಲ್ಲಿ ಕಲ್ಲು ಸಾಗಿಸುವ ಲಾರಿ ಬಂದು ನಿಂತಿತು.

ಮಧ್ಯಾಹ್ನ ಡಬ್ಬಿ ಊಟ ಮುಗಿದ ಮೇಲೆ ಅಂಗಳದಲ್ಲಿ ಎಲ್ಲರೂ ಒಂದು ನಿದ್ದೆ ತೆಗೆಯುತ್ತಾರೆ. ದೀಪ ಆರಿಸುತ್ತಾರೆ. ರಟ್ಟಿನ ಹಾಳೆ ಹಾಸಿಕೊಂಡು ಮೇಸ್ತ್ರಿಯಿಂದ ಹಿಡಿದು ಲಾರಿ ಡ್ರೈವರ್‌ವರೆಗೆ ಸಾಲಾಗಿ ಮಲಗುತ್ತಾರೆ. ನನ್ನ ಪಕ್ಕದ ಕೆಲಸಗಾರ ವಾತಾನ್, ತ್ರುಕು ಮುದುಕ, ಎಲೆಅಡಿಕೆ ಕೆನ್ನೆಗೆ ಒತ್ತಿಕೊಂಡೇ ನಿದ್ದೆ ಹೋಗುತ್ತಾನೆ. ಅವನ ಉಜ್ಜುವ ಯಂತ್ರ ಅವನದೇ ಸ್ವಂತದ್ದು. ಅಂಗಳದ ಯಂತ್ರಗಳಿಗಿಂತ ಗಟ್ಟಿ. ನಾನು ಅದನ್ನು ತೆಗೆದುಕೊಂಡೆ. ಒರಟು ಬಿಲ್ಲೆ ಹಾಕಿದೆ. ಸ್ವಿಚ್ಚು ಒತ್ತಿದೆ.

ಸದ್ದಿಗೆ ಇಡೀ ಅಂಗಳ ಎದ್ದು ಕೂತಿತು.

ಚೆನ್ ಮೊದಲು ಹೋಯಿತು. ಧೂಳು ಮುಖಕ್ಕೆ ಹಾರಿತು. ನೀರು ಬಿಡಲು ನನಗೆ ಮೂರನೆಯ ಕೈ ಇರಲಿಲ್ಲ. ಒಣ ಕಲ್ಲಿನ ಧೂಳು ಎದೆಗೆ ಏನು ಮಾಡುತ್ತದೆ ಎಂದು ಗೊತ್ತಿದ್ದರೂ ಕೈ ನಿಲ್ಲಲಿಲ್ಲ.

"ಏಯ್! ಏನೇ ಮಾಡ್ತಿದೀಯಾ? ನಿಲ್ಲಿಸೇ!" ಆ-ಹಾಯ್ ಬರಿಗಾಲಲ್ಲಿ ಓಡಿ ಬಂದ.

"ಹತ್ತಿರ ಬರಬೇಡಿ ಮೇಸ್ತ್ರಿ. ಕಾಲಿಗೆ ಬಿದ್ದೀತು."

"ವೈರು ಕೀಳ್ರೋ ಯಾರಾದ್ರೂ!"

ಯಾರೂ ಕೀಳಲಿಲ್ಲ. ಸುತ್ತ ನಿಂತವರೆಲ್ಲ ತ್ರುಕು, ಆಮಿಸ್. ಎಲ್ಲರ ಜೇಬಿನಲ್ಲೂ ಗುಮಾಸ್ತರು ಕೊಟ್ಟ ಒಂದೊಂದು ಹೆಸರು. ಆ-ಹಾಯ್ ತಾನೇ ವೈರಿನ ಕಡೆ ತಿರುಗಿದ. ವಾತಾನ್ ಅವನಿಗೆ ಅಡ್ಡ ಬಂದು, ಏನೂ ಅವಸರವಿಲ್ಲದವನ ಹಾಗೆ ಬಗ್ಗಿ ನೀರಿನ ಪೈಪು ಎತ್ತಿಕೊಂಡ.

"ಒಣ ಒಣ ಉಜ್ಜಬಾರದು ತಂಗಿ" ಎಂದ. "ನೀರು ನಾನು ಹಿಡೀತೀನಿ."

ನೀರು ಬಂತು. ಧೂಳು ಕೆಸರಾಯಿತು. ವೆನ್ ಹೋಯಿತು. ಡೆ ಹೋಯಿತು. ಅಕ್ಷರ ಹೋಗಬೇಕಾದರೆ ಅದು ಎಷ್ಟು ಆಳವಿದೆಯೋ ಅಷ್ಟೂ ಕಲ್ಲು ಇಳಿಯಬೇಕು. ಹೆಸರಿದ್ದಲ್ಲಿ ಒಂದು ಕುಳಿ ಬಿತ್ತು. ಅದನ್ನು ಒರಟಾಗಿ ಬಿಡಲು ನನಗೆ ಮನಸ್ಸು ಬರಲಿಲ್ಲ. ನುಣುಪಿನ ಬಿಲ್ಲೆ ಬದಲಿಸಿದೆ. ಇನ್ನೂ ನುಣುಪಿನದು ಹಾಕಿದೆ. ಆ-ಹಾಯ್ ಫೋನಿನಲ್ಲಿ ಧಣಿಯನ್ನು ಕೂಗುತ್ತಲೇ ಇದ್ದ. ನಾನು ಹೊಳಪು ಕೊಡುತ್ತಲೇ ಇದ್ದೆ. ಕೊನೆಗೆ ಕುಳಿಯ ತಳದಲ್ಲಿ ನನ್ನ ಮುಖ ಕಾಣಿಸಿತು.

ಧಣಿ ಕೆಲಸದಿಂದ ತೆಗೆದ. ಅದು ಗೊತ್ತಿದ್ದದ್ದೇ. ಅವನ ಬೈಗುಳ ನಾಟಲಿಲ್ಲ. ನಾಟಿದ್ದು ಸಂಜೆ ಬಂದ ಶ್ರೀಮತಿ ಶಿಯು ಹೇಳಿದ ಮಾತು. ಅವರು ಕೂಗಾಡಲಿಲ್ಲ. ಕುಳಿಯನ್ನು ನೋಡಿ ಅವರ ಮುಖ ಬಿಳುಚಿಕೊಂಡಿತು.

"ಕೊಂದವರು ಒಂದು ಸಲ ಅಳಿಸಿದ್ರು. ನೀನು ಎರಡನೇ ಸಲ ಅಳಿಸಿದೆ."

ಮನೆಗೆ ನಡೆದುಕೊಂಡು ಹೋದೆ. ಬಸ್ಸು ಹತ್ತಲು ಆಗಲಿಲ್ಲ.

ಅಜ್ಜಿ ಅಡುಗೆಗೆ ಬೆತ್ತದ ಎಳೆ ಕಾಂಡದ ಸಿಪ್ಪೆ ಸುಲಿಯುತ್ತ ಕೂತಿದ್ದಳು. ಹೇಳಿದೆ. ಅವಳ ಕತ್ತಿ ನಿಂತಿತು.

"ಅಳಿಸಿದೆಯಾ?"

"ಹೂಂ."

"ಪೂರ್ತಿನಾ?"

"ಪೂರ್ತಿ. ಅವರು ಅಂತಾರೆ, ನಾನೇ ಅವನನ್ನ ಎರಡನೇ ಸಲ..."

ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. "ಅಲ್ಲಿ ಈಗ ಏನಿದೆ?"

"ಏನಿಲ್ಲ. ಒಂದು ಕುಳಿ."

"ಎಷ್ಟು ದೊಡ್ಡದು?"

ಅವಳ ಕೈ ತೆಗೆದುಕೊಂಡು ಬೆರಳು ಮಡಿಸಿ ಬೊಗಸೆಯ ಅರ್ಧ ಮಾಡಿ ತೋರಿಸಿದೆ. ಅವಳು ತನ್ನ ಅಂಗೈಯನ್ನೇ ನೋಡುತ್ತ ಕೂತಳು. ಆಮೇಲೆ ಕತ್ತಿ ಎತ್ತಿಕೊಂಡಳು. ಮಾರನೆಯ ದಿನ ಹೆಂಡಕ್ಕೆ ಅಂಟಕ್ಕಿ ನೆನೆಹಾಕಿದಳು.

ಹೊಸ ಕಲ್ಲಿಗೆ ಮತ್ತೆ ಹಡಗು ಬರಬೇಕು. ದೊಡ್ಡವರು ಬರುವ ದಿನ ನಿಗದಿಯಾಗಿತ್ತು. ಅದೇ ಕಲ್ಲನ್ನು ಹಾಕಿದರು. ಕುಳಿಯ ಮೇಲೆ ಒಂದು ಹೂವಿನ ಹಾರ ಮುಚ್ಚಿದರೆ ಆಯಿತು ಎಂದುಕೊಂಡರು.

ಹೊಳೆಯ ಬದಿಯ ಉದ್ಯಾನದಲ್ಲಿ ಬಿಳಿ ಕುರ್ಚಿಗಳ ಸಾಲು. ಮುಂದಿನ ಸಾಲು ಸತ್ತವರ ಮನೆಯವರಿಗೆ. ಅಜ್ಜಿಯ ಹೆಸರು ಕೇಳಿ ಬಾಗಿಲ ಹುಡುಗಿ ಹಿಂದಿನ ಸಾಲು ತೋರಿಸಿದಳು. ಅಜ್ಜಿ ಕೂರಲಿಲ್ಲ. ಕೆಂಪು ಲಂಗ, ತಲೆಗೆ ಹೂವು, ಕಂಕುಳಲ್ಲಿ ಬಟ್ಟೆ ಸುತ್ತಿದ ಬಾಟಲಿ. ಕಪ್ಪು ಬಟ್ಟೆ ತೊಟ್ಟವರ ನಡುವೆ ಅವಳೊಬ್ಬಳೇ ಹಬ್ಬಕ್ಕೆ ಬಂದವಳ ಹಾಗಿದ್ದಳು. ವಾತಾನ್ ತನ್ನ ಹಳೆ ಗಾಡಿಯಲ್ಲಿ ನಮ್ಮನ್ನು ಕರೆತಂದಿದ್ದ. ಅವನೂ ಕೂರಲಿಲ್ಲ.

ಭಾಷಣ ನಡೆಯಿತು. ಗಾಯ ಎಂದರು, ಮಾಯುವುದು ಎಂದರು. ಇನ್ನು ಮುಂದೆ ನಾವೆಲ್ಲ ಒಂದೇ ಎಂದರು. ಯಾರದೋ ಮಾತಿನ ಮಧ್ಯೆ ಅಜ್ಜಿ ಹೊರಟಳು. ಕೋಲು ಊರಿಕೊಂಡು, ಕುರ್ಚಿಗಳ ನಡುವಿನ ಹಾದಿಯಲ್ಲಿ, ನೇರ ಕಲ್ಲಿನ ಹತ್ತಿರಕ್ಕೆ. ನಾನು ಹಿಂದೆಯೇ ಹೋದೆ. ಅವಳು ಹಾರವನ್ನು ಪಕ್ಕಕ್ಕೆ ಸರಿಸಿದಳು. ಕುಳಿಯನ್ನು ಕೈಯಿಂದ ಸವರಿದಳು. ತಾನು ಹೆತ್ತ ಮಗುವಿನ ತಲೆ ಸವರುವ ಹಾಗೆ, ನಿಧಾನವಾಗಿ.

ಶ್ರೀಮತಿ ಶಿಯು ಎದ್ದು ಬಂದರು. "ಅಜ್ಜೀ, ಹೂ ಇಡೋ ಕಾರ್ಯಕ್ರಮ ಆಮೇಲೆ ಇದೆ. ಬನ್ನಿ, ಕೂತ್ಕೊಳ್ಳಿ."

ಅಜ್ಜಿ ಬಾಟಲಿಯ ಬಿರಡೆಯನ್ನು ಹಲ್ಲಿನಿಂದ ಕಿತ್ತಳು. ಹೆಂಡವನ್ನು ಕುಳಿಗೆ ಸುರಿದಳು. ಅದು ತುಂಬಿತು, ಚೆಲ್ಲಲಿಲ್ಲ. ಬೆರಳು ಅದ್ದಿದಳು. ನಾನು ಅವಳ ಬೆರಳನ್ನೇ ನೋಡುತ್ತಿದ್ದೆ. ಈ ಸಲ ಅದು ಗಾಳಿಯಲ್ಲಿ ನಿಲ್ಲಲಿಲ್ಲ.

"ಲೆಕಾಲ್! ಕಾತಿಂಗಳ ಮಗ ಲೆಕಾಲ್!" ಗದ್ದೆಯಾಚೆಗೆ ಕೂಗುವ ದನಿ. ಮೈಕಿನ ಮಾತನ್ನು ಅದು ನುಂಗಿಹಾಕಿತು. "ಬಾರೋ ಅಣ್ಣಾ! ನಾನು ಸೌಮಾ ಕಣೋ!"

"ಅಜ್ಜೀ, ದಯವಿಟ್ಟು" ಎಂದರು ಶ್ರೀಮತಿ ಶಿಯು. ಜನ ನೋಡುತ್ತಿದ್ದರು, ಕ್ಯಾಮೆರಾ ತಿರುಗಿತ್ತು. "ಯಾರನ್ನ ಕರೀತಿದೀರಿ? ಆ ಹೆಸರಿನವರು ಇಲ್ಲಿ ಯಾರೂ ಇಲ್ಲ."

ಅಜ್ಜಿ ತಿರುಗಿದಳು. ಆ ಮಾತು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಆ ಮಾತು ನಾನೂ ಆಡಿದ್ದೆ ಕಣಮ್ಮ. ಹಾಗಂದು ಅವನ ಹೆಣ ಕಳ್ಕೊಂಡೆ. ನೀನು ಆಡಬೇಡ." ಒದ್ದೆ ಬೆರಳಿನಿಂದ ಕುಳಿ ತೋರಿಸಿದಳು. "ನಿಮ್ಮ ಚೆನ್ ಅಡ್ಡ ಕೂತಿದ್ದ. ಎದ್ದು ಹೋದ. ಈಗ ಜಾಗ ಖಾಲಿ ಆಗಿದೆ, ನಮ್ಮವನು ಬರ್ತಾನೆ."

ಶ್ರೀಮತಿ ಶಿಯು ಅವರ ಕೈ ತಮ್ಮ ತಾತನ ಹೆಸರಿನ ಕಡೆಗೆ ತಾನಾಗಿಯೇ ಹೋಗಿ ಅಲ್ಲೇ ನಿಂತಿತು.

ಮುಂದಿನ ಸಾಲಿನಿಂದ ಒಬ್ಬ ಮುದುಕ ಎದ್ದ. ಕಪ್ಪು ಕೋಟು, ಎದೆಗೆ ಮನೆಯವರು ಎಂಬ ಪಟ್ಟಿ. ಬೆಟ್ಟದ ಅತಯಾಲ್ ಜನದವನು ಎಂದು ಅವನ ಮಾತಿನಲ್ಲೇ ಗೊತ್ತಾಯಿತು. ಕಲ್ಲಿನ ಹತ್ತಿರ ಬಂದು ನಡುವಿನ ಸಾಲಿನಲ್ಲಿ ಮೂರು ಅಕ್ಷರಗಳ ಮೇಲೆ ಬೆರಳು ಇಟ್ಟ.

"ನಮ್ಮಪ್ಪ" ಎಂದ. "ಇದು ಅವನ ಹೆಸರಲ್ಲ." ಆಮೇಲೆ ನನ್ನ ಕೈಗಳನ್ನು ನೋಡಿದ. ಉಗುರಿನ ಸಂದಿಯ ಬೂದಿ ಬಣ್ಣ ಇನ್ನೂ ಹೋಗಿರಲಿಲ್ಲ. "ಉಜ್ಜಿದ್ದು ನೀನೇ ಅಲ್ವೇನಮ್ಮ? ಆ ಯಂತ್ರ ಇನ್ನೂ ಇದೆಯಾ?"

ನಾನು ವಾತಾನ್ ಕಡೆ ನೋಡಿದೆ. ಅವನು ಎಲೆಅಡಿಕೆ ಉಗಿದು ಬಾಯಿ ಒರೆಸಿಕೊಂಡ.

"ಗಾಡೀಲಿದೆ" ಎಂದ. ಹೊರಟ. ಗಾಡಿಯ ಹಿಂಬಾಗಿಲು ತೆರೆದ ಸದ್ದು ಕೇಳಿಸಿತು. ಯಂತ್ರವನ್ನು ಹೆಗಲಿಗೆ ಹಾಕಿಕೊಂಡು, ವೈರನ್ನು ಹುಲ್ಲಿನ ಮೇಲೆ ಎಳೆದುಕೊಂಡು, ವೇದಿಕೆಯ ಪಕ್ಕದ ಕರೆಂಟಿನ ಡಬ್ಬಿಯವರೆಗೆ ಬಂದ. ಅದರಲ್ಲಿ ಒಂದೇ ತೂತು. ಅದರಲ್ಲಿ ಮೈಕಿನ ವೈರು.

ಮುದುಕ ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದ. ಮನೆಯವರಿಗೆಂದು ಇಟ್ಟಿದ್ದ ನೀರಿನ ಬಾಟಲಿಗಳನ್ನು ಎರಡೂ ತೋಳಿನಲ್ಲಿ ತುಂಬಿಕೊಂಡು ಬಂದು ಕಲ್ಲಿನ ಪಕ್ಕ ಮಂಡಿಯೂರಿದ.

"ನೀನು ಉಜ್ಜು" ಎಂದ. "ನೀರು ನಾನು ಹಾಕ್ತೀನಿ."

ವೇದಿಕೆಯ ಮೇಲೆ ಯಾರೋ ದೊಡ್ಡವರು ಮರೆಯಬಾರದು ಎಂದು ಹೇಳುತ್ತಿದ್ದರು. ವಾತಾನ್ ಮೈಕಿನ ವೈರು ಕಿತ್ತ.